ಹರಿಹರದ ಶಿಖರವೂ ಬೂದುಬಣ್ಣವೂ: ಒಂದು ಪ್ರವಾಸ ಚಿತ್ರಸಂಪುಟದ ವಿಮರ್ಶೆ

ದಾವಣಗೆರೆ ಹಾಗೂ ಹರಿಹರಗಳಲ್ಲಿ ಅಧ್ಯಯನ ಪ್ರವಾಸವನ್ನು ಕೈಗೊಂಡ ಸ್ನಾತಕೋತ್ತರ ವಿದ್ಯಾರ್ಥಿಗಳ ತಂಡವೊಂದು ಸಿದ್ಧಪಡಿಸಿದ ಚಿತ್ರಸಂಪುಟವು ಈ ವರ್ಷ ನಮ್ಮ ಕೈಸೇರಿತು. ಅದರಲ್ಲಿ 36 ಛಾಯಾಚಿತ್ರಗಳಿವೆ. ಅಷ್ಟನ್ನೂ ಮೊದಲು ಬಣ್ಣದಲ್ಲಿ ತೆಗೆದು, ಬಳಿಕ ಗಣಕಯಂತ್ರದಲ್ಲಿ ಕಪ್ಪು-ಬಿಳುಪಿಗೆ ಪರಿವರ್ತಿಸಿ, ತಿದ್ದಿ, ಮುದ್ರಿಸಲಾಗಿದೆ. ಅವು ನೋಟಕ್ಕೆ ಸೊಗಸಾಗಿವೆಯೆಂಬುದರಲ್ಲಿ ಸಂದೇಹವಿಲ್ಲ. ಮೊದಲ ಸಲ ಹಾಳೆಗಳನ್ನು ಮಗುಚಿದಾಗ ನಾವೂ ಮೆಚ್ಚಿದೆವು. ಆದರೆ ಈ ಸಂಪುಟವನ್ನು ಇತಿಹಾಸದ ಆಕರವೆಂದು ಸಂಗ್ರಹದಲ್ಲಿಡಬೇಕೆಂಬ ಸೂಚನೆ ಬಂದುದರಿಂದ ಎರಡನೆಯ ಸಲ ಬೇರೆ ಕಣ್ಣಿನಿಂದ ನೋಡಬೇಕಾಯಿತು.

ಹರಿಹರೇಶ್ವರ ದೇವಾಲಯದ ಚಿತ್ರವನ್ನೇ ತೆಗೆದುಕೊಳ್ಳೋಣ. ಈ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1223-24ರ ಸುಮಾರಿಗೆ ಕಟ್ಟಿಸಿದನೆಂಬುದೂ, 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದಕ್ಕೆ ಸೇರ್ಪಡೆಗಳನ್ನು ಮಾಡಿಸಿದನೆಂಬುದೂ ವಾಚಕರಿಗೆ ತಿಳಿದ ವಿಷಯ. ಮಂಟಪವೂ ಅದರ ಚಿತ್ತಾರದ ಭುವನೇಶ್ವರಿಗಳೂ ಹಳೆಯವು. ಗರ್ಭಗೃಹದ ಮೇಲಣ ಮೂಲ ಶಿಖರ ಮಾತ್ರ ಉಳಿದಿಲ್ಲ. ಅದರ ಸ್ಥಾನದಲ್ಲಿ ಈಗಿರುವುದು ಬಿಳಿಯ ಬಣ್ಣದ, ಅಲಂಕಾರವಿಲ್ಲದ, ನಂತರದ ಕಾಲದ ಶಿಖರ. ಸ್ಥಳಕ್ಕೆ ಹೋದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗೆ ಬಳಪದ ಕಲ್ಲಿನ ಹಸಿರುಗಪ್ಪು, ಮೇಲೆ ಬಿಳುಪು. ಬಣ್ಣವೇ ಎರಡು ಕಾಲಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಸಂಪುಟದ ಚಿತ್ರದಲ್ಲಿ ಆಗಿರುವುದೇನು? ಹಿಂದಣ ಆಕಾಶವನ್ನು ಕಪ್ಪಾಗಿಸಿ, ಶಿಖರದ ಬಿಳುಪು ಕಣ್ಣಿಗೆ ಹೊಡೆಯದಂತೆ ತಗ್ಗಿಸಿ, ಕಲ್ಲಿನ ಭಾಗವನ್ನು ಬೆಳಗಿಸಲಾಗಿದೆ. ಹೀಗೆ ಎರಡೂ ಒಂದೇ ಬೂದುಬಣ್ಣಕ್ಕೆ ಬಂದು ನಿಂತಿವೆ. ಅಡಿಬರಹವೋ ‘ಹದಿಮೂರನೆಯ ಶತಮಾನದ ದೇವಾಲಯ’ ಎನ್ನುತ್ತದೆ. ಸ್ಥಳವನ್ನು ಕಾಣದ ವಿದ್ಯಾರ್ಥಿಯು ಶಿಖರವನ್ನೂ ಪೋಲಾಳ್ವನ ಲೆಕ್ಕಕ್ಕೆ ಬರೆದುಕೊಂಡರೆ ತಪ್ಪು ಅವನದಲ್ಲ.

ಇದು ಮೋಸದ ಉದ್ದೇಶದಿಂದ ನಡೆದುದೆಂದು ನಾವು ಹೇಳುತ್ತಿಲ್ಲ. ಪರಿವರ್ತನೆಯ ಸ್ವಭಾವವೇ ಅಂಥದು. ಇಂದಿನ ಕ್ಯಾಮೆರಾ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಪ್ರಮಾಣಗಳನ್ನು ದಾಖಲಿಸಿಡುತ್ತದೆ. ಅವನ್ನು ಒಂದೇ ಬೂದುಬಣ್ಣಕ್ಕಿಳಿಸಲು ರೂಢಿಯಲ್ಲಿರುವ ಒಂದು ಸೂತ್ರದಲ್ಲಿ ಹಸಿರಿಗೆ ಸುಮಾರು 59, ಕೆಂಪಿಗೆ 30, ನೀಲಿಗೆ 11 ಭಾಗ ತೂಕ ಕೊಡಲಾಗುತ್ತದೆ. ಈ ತೂಕಗಳನ್ನು ಬೇಕಾದಂತೆ ಬದಲಿಸಲೂಬಹುದು. ಕೆಂಪಿಗೆ ಹೆಚ್ಚು ಕೊಟ್ಟರೆ ನೀಲಿಯ ಆಕಾಶ ಕಪ್ಪಾಗುತ್ತದೆ, ಕುಂಕುಮವು ಬೆಳ್ಳಗಾಗುತ್ತದೆ; ನೀಲಿಗೆ ಹೆಚ್ಚು ಕೊಟ್ಟರೆ ಆಕಾಶ ಬೆಳ್ಳಗಾಗಿ ಕುಂಕುಮ ಕಪ್ಪಾಗುತ್ತದೆ. ಅಂದರೆ ಒಂದೇ ಬಣ್ಣದ ಚಿತ್ರದಿಂದ ಪರಸ್ಪರ ವಿರುದ್ಧವಾದ ಹತ್ತು ಕಪ್ಪು-ಬಿಳುಪು ಚಿತ್ರಗಳನ್ನು ಪಡೆಯಬಹುದು. ಅವುಗಳಲ್ಲಿ ಒಂದನ್ನು ಆರಿಸುವುದು ವ್ಯಾಖ್ಯಾನವೇ ಸರಿ. ವ್ಯಾಖ್ಯಾನ ಮಾಡಿದವರು ಮೂಲಪಾಠವನ್ನು ಕೂಡ ಕೊಡಬೇಕಾದುದು ನಮ್ಮ ಶಾಸ್ತ್ರದ ನಿಯಮ.

ಹಳೆಯ ಛಾಯಾಚಿತ್ರಗಳ ಗಾಂಭೀರ್ಯವನ್ನು ತರುವುದು ತಮ್ಮ ಆಶಯವೆಂದು ಸಂಪಾದಕರು ಮುನ್ನುಡಿಯಲ್ಲಿ ಹೇಳಿದ್ದಾರೆ. ಇದನ್ನು ತುಸು ಪರೀಕ್ಷಿಸಬೇಕು. ಕನ್ನಡ ನಾಡಿನ ದೇವಾಲಯಗಳನ್ನು 1850ರ ದಶಕದಲ್ಲಿ ಚಿತ್ರಿಸಿದವರಲ್ಲಿ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೂ, ಡಾಕ್ಟರ್ ನೀಲ್ ಮುಖ್ಯರು; ಅವರ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ಧಾರವಾಡ-ಮೈಸೂರುಗಳ ವಾಸ್ತುವನ್ನು ಕುರಿತ ಸಂಪುಟವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಆ ಕಾಲದ ಲೇಪಗಳಿಗೆ ನೀಲಿ ಬೆಳಕಷ್ಟೇ ಚೆನ್ನಾಗಿ ತಾಕುತ್ತಿತ್ತು. ಬಣ್ಣದ್ರವ್ಯ ಬೆರೆಸಿ ಲೇಪಕ್ಕೆ ಹಸಿರನ್ನು ಕಾಣಿಸುವ ಉಪಾಯವನ್ನು ಫೋಗೆಲ್ ಕಂಡುಹಿಡಿದುದು 1873ರಲ್ಲಿ. ಕೆಂಪನ್ನೂ ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆದುದರಿಂದ ಆ ಹಿರಿಯರ ಕಾಲದ ಚಿತ್ರಗಳಲ್ಲಿ ಆಕಾಶವು ಬರಿಯ ಬಿಳಿಯ ಹಾಳೆಯಂತೆಯೂ ಕೆಮ್ಮಣ್ಣು ಕಪ್ಪಾಗಿಯೂ ಕಾಣುವುದು ಸಾಮಾನ್ಯ. ನಮ್ಮ ಸಂಪುಟದಲ್ಲಿ ಆಕಾಶ ಕಪ್ಪು, ಕೆಮ್ಮಣ್ಣು ಬಿಳುಪು! ಇದು ಹಳೆಯ ಚಿತ್ರದ ಅನುಕರಣೆಯೂ ಅಲ್ಲ. ಅವರು ಬಣ್ಣವನ್ನು ಬಿಟ್ಟುದು ಅನಿವಾರ್ಯದಿಂದ. ಕೈಗೆ ಬಂದ ಬಣ್ಣವನ್ನು ನಾವು ಬಿಡುವುದಾದರೆ ಕಾರಣ ಹೇಳಬೇಕಾಗುತ್ತದೆ.

ಕಾರಣವಿರುವ ಚಿತ್ರಗಳೂ ಇಲ್ಲಿ ಇಲ್ಲದಿಲ್ಲ. ದೇವಾಲಯದ ಆವರಣದ ಶಾಸನವೊಂದರ ಚಿತ್ರವನ್ನು ನಾವು ಮನಸಾರೆ ಹೊಗಳಬೇಕು. ಕಲ್ಲಿನ ಮೇಲೆ ಹಳದಿಯ ಕಲ್ಲುಹೂವು ಹಬ್ಬಿ, ಬಣ್ಣದ ಪ್ರತಿಯಲ್ಲಿ ಅಕ್ಷರಗಳು ಆ ಕಲೆಗಳ ನಡುವೆ ಕಳೆದುಹೋಗುತ್ತವೆ. ವಿದ್ಯಾರ್ಥಿಯು ಬೆಳಗಿನ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದು, ಪರಿವರ್ತಿಸುವಾಗ ನೀಲಿಗೆ ಹೆಚ್ಚು ತೂಕ ಕೊಟ್ಟಿದ್ದಾನೆ. ಹಳದಿಯಲ್ಲಿ ನೀಲಿಯ ಅಂಶ ಅತ್ಯಲ್ಪವಾದುದರಿಂದ ಕಲ್ಲುಹೂವು ಕಪ್ಪಾಗಿ ಕಲ್ಲಿನೊಡನೆ ಬೆರೆತಿದೆ. ಅಕ್ಷರದ ಗೀರಿನಲ್ಲಿ ಬಿದ್ದ ನೆರಳೂ ಅಂಚಿನ ಬೆಳಕೂ ಉಳಿದಿವೆ. ಬಣ್ಣದ ಪ್ರತಿಯಲ್ಲಿ ಓದಲಾಗದ ಎರಡು ಸಾಲುಗಳನ್ನು ನಾವು ಇದರಲ್ಲಿ ಓದಿದೆವು. ಹರಿಹರದ ಶಾಸನಗಳನ್ನು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದೊಡನೆ ಹೋಲಿಸಿ ನೋಡುವವರಿಗೆ ಇಂಥ ಚಿತ್ರ ನಿಜವಾದ ನೆರವು. ಮಂಟಪದ ಕಂಬಗಳ ಚಿತ್ರವೂ ಚೆನ್ನಾಗಿದೆ: ತಿರುಗಣಿಯಲ್ಲಿ ಕಡೆದ ಕಂಬದ ಉಂಗುರಗಳ ಮೇಲೆ ಹರಿಯುವ ಬೆಳಕಿಗೆ ಬಣ್ಣದ ಹಂಗಿಲ್ಲ. (1941ರಲ್ಲಿ ಇದೇ ಊರಿನಲ್ಲಿ ಸ್ಥಾಪಿತವಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದುದು ಲೇತ್ ಯಂತ್ರಗಳನ್ನೆಂಬುದು ಯಾರಿಗಾದರೂ ನೆನಪಾದರೆ ತಪ್ಪೇನಿಲ್ಲ.)

ದಾವಣಗೆರೆಯ ಭಾಗ ನಮ್ಮನ್ನು ಹೆಚ್ಚು ಕಳವಳಗೊಳಿಸಿತು. ಮಂಡಕ್ಕಿ ಭಟ್ಟಿಗಳ ಒಂಬತ್ತು ಚಿತ್ರಗಳಿವೆ. ಹೊಗೆ, ಒಲೆಯ ಬೆಂಕಿ, ಬಿಳಿಯ ಮಂಡಕ್ಕಿಯ ರಾಶಿ ಇವೆಲ್ಲ ಕಪ್ಪು-ಬಿಳುಪಿಗೆ ಹೇಳಿ ಮಾಡಿಸಿದಂತಿವೆ. ಆದರೆ ಭಟ್ಟಿಯ ಮುಂದೆ ನಿಂತವರು ಗತಕಾಲದವರಲ್ಲ. ಈ ಹೊತ್ತೂ ಅದೇ ಹೊಗೆಯನ್ನು ಕುಡಿಯುತ್ತಿರುವವರು. ಅಂಚುಗಳನ್ನು ಮಬ್ಬಾಗಿಸಿ, ಹಳೆಯ ಫಿಲ್ಮಿನ ಕಣಗಳನ್ನು ಬೇರೆ ಬೆರೆಸಿ ಅವರನ್ನು ಅಜ್ಜನ ಕಾಲಕ್ಕೆ ದೂಡಿದರೆ, ಅವರ ಕಷ್ಟವೂ ಮುಗಿದ ಕಥೆಯೆಂಬಂತೆ ತೋರುತ್ತದೆ. ಒಂದು ಚಿತ್ರದ ಬಣ್ಣದ ಪ್ರತಿಯಲ್ಲಿ ಗೋಡೆಯ ಮೇಲೆ ವಿದ್ಯುತ್ ಮೀಟರೂ, ಕೆಲಸಗಾರನ ಜೇಬಿನಲ್ಲಿ ಮೊಬೈಲ್ ಫೋನೂ ಇದ್ದವು. ಪರಿವರ್ತಿತ ಪ್ರತಿಯಲ್ಲಿ ಎರಡನ್ನೂ ಅಳಿಸಲಾಗಿದೆ. ಹೊಂದಿಕೆಯಾಗಲಿಲ್ಲವೆಂದು ಸಂಪಾದಕರು ಕಾರಣ ಕೊಟ್ಟರು. ಯಾವುದಕ್ಕೆ ಹೊಂದಿಕೆಯಾಗಲಿಲ್ಲವೆಂದು ಕೇಳಿದಾಗ ಉತ್ತರ ಬರಲಿಲ್ಲ. ಮುಂದೆ ಈ ಕಸುಬಿನ ಚರಿತ್ರೆ ಬರೆಯುವವನಿಗೆ ಆ ಮೀಟರು ಬೇಕಾಗಬಹುದು.

ಮೂಲ ಕಡತಗಳಲ್ಲಿ ಚಿತ್ರ ತೆಗೆದ ದಿನ, ಗಂಟೆಗಳು ತಾವಾಗಿಯೇ ದಾಖಲಾಗಿರುತ್ತವೆ. ತಂಡದವರು ಅದೃಷ್ಟವಶಾತ್ ಅವನ್ನು ಅಳಿಸಿಲ್ಲ. ಆ 36 ಮೂಲಗಳನ್ನೂ ಪರಿವರ್ತಿತ ಪ್ರತಿಗಳ ಪಕ್ಕದಲ್ಲಿರಿಸಿ, ಯಾವ ಬಣ್ಣಕ್ಕೆ ಎಷ್ಟು ತೂಕ ಕೊಟ್ಟಿತೆಂಬುದನ್ನೂ ಯಾವುದನ್ನು ಅಳಿಸಿತೆಂಬುದನ್ನೂ ಅಡಿಬರಹದಲ್ಲಿ ಬರೆದುಕೊಟ್ಟರೆ ಸಂಪುಟವನ್ನು ಸ್ವೀಕರಿಸಬಹುದೆಂದು ನಾವು ಅಭಿಪ್ರಾಯಪಟ್ಟಿದ್ದೇವೆ. ಶಿಖರದ ಚಿತ್ರವನ್ನು ಮಾತ್ರ ಬಣ್ಣದಲ್ಲಿಯೇ ಮುದ್ರಿಸತಕ್ಕದ್ದು.