ಬರಿದಾದ ಎರಡನೆಯ ಸ್ಥಾನ

ಸ್ಮಾರಕವೆಂದರೆ ಹಿರಿಯರ ಮುಖವನ್ನು ಕಲ್ಲಿನಲ್ಲೋ ಲೋಹದಲ್ಲೋ ಉಳಿಸಿಕೊಳ್ಳುವುದು ಎಂಬುದು ನಮ್ಮೆಲ್ಲರ ಭಾವನೆ. ಅಮೆರಿಕದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಅನಾವರಣಗೊಂಡ ಶಿಲ್ಪವೊಂದು ಈ ಭಾವನೆಯನ್ನು ಕದಲಿಸುತ್ತದೆ. ರಿಗೊ 23 ಎಂಬ ಹೆಸರಿನ ಕಲಾವಿದರು ರೂಪಿಸಿದ, ಇಪ್ಪತ್ತು ಅಡಿಗೂ ಮಿಗಿಲಾದ ಎತ್ತರದ ಈ ಕೃತಿ ಒಂದು ಪದಕ ವೇದಿಕೆ. ಅದರ ಮೊದಲ ಮತ್ತು ಮೂರನೆಯ ಸ್ಥಾನಗಳಲ್ಲಿ ಇಬ್ಬರು ಕಪ್ಪು ಓಟಗಾರರು ತಲೆ ತಗ್ಗಿಸಿ, ಮುಷ್ಟಿ ಎತ್ತಿ ನಿಂತಿದ್ದಾರೆ. ಎರಡನೆಯ ಸ್ಥಾನ ಮಾತ್ರ ಬರಿದಾಗಿದೆ.

1968ರ ಅಕ್ಟೋಬರ್ 16ರಂದು ಮೆಕ್ಸಿಕೊ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಟಾಮಿ ಸ್ಮಿತ್ 19.83 ಸೆಕೆಂಡುಗಳ ವಿಶ್ವದಾಖಲೆಯೊಡನೆ ಮೊದಲಿಗರಾದರು. ಜಾನ್ ಕಾರ್ಲೋಸ್ ಮೂರನೆಯವರಾದರು. ಇಬ್ಬರೂ ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ತಮ್ಮ ಜನರ ಬಡತನವನ್ನು ನೆನಪಿಸಲು ಪಾದರಕ್ಷೆಗಳನ್ನು ಕಳಚಿ, ಕಪ್ಪು ಕಾಲುಚೀಲದಲ್ಲಿ ವೇದಿಕೆಯೇರಿದ ಅವರು, ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಕಪ್ಪು ಕೈಗವಸಿನ ಮುಷ್ಟಿಯೆತ್ತಿದರು. ಕ್ರೀಡೆಯಲ್ಲಿ ರಾಜಕೀಯ ಸಲ್ಲದೆಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಪಟ್ಟುಹಿಡಿದರು. ಇಬ್ಬರನ್ನೂ ತಂಡದಿಂದ ಹೊರಹಾಕಲಾಯಿತು. 1936ರ ಬರ್ಲಿನ್ ಕ್ರೀಡಾಕೂಟದಲ್ಲಿ ಕಂಡ ನಾಜಿ ವಂದನೆಗೆ ಇದೇ ಬ್ರಂಡೇಜ್ ಆಕ್ಷೇಪಣೆ ಎತ್ತಿರಲಿಲ್ಲ. ಬಲಶಾಲಿಗಳು ಚಾಚಿದ ಕೈ ರಾಷ್ಟ್ರಾಭಿಮಾನವೆನಿಸಿತು, ನೊಂದವರು ಎತ್ತಿದ ಕೈ ರಾಜಕೀಯವೆನಿಸಿತು.

ಎರಡನೆಯ ಸ್ಥಾನದಲ್ಲಿ ನಿಂತಿದ್ದವರು ಆಸ್ಟ್ರೇಲಿಯದ ಪೀಟರ್ ನಾರ್ಮನ್. ಬಿಳಿಯರಾದ ಅವರು ಸಾಲ್ವೇಷನ್ ಆರ್ಮಿಗೆ ಸೇರಿದ ಕ್ರೈಸ್ತ ಕುಟುಂಬದಲ್ಲಿ ಬೆಳೆದವರು. ಜಾನ್ ಡಾಮಿನಿಸ್ ತೆಗೆದ ಪ್ರಸಿದ್ಧ ಛಾಯಾಚಿತ್ರದಲ್ಲಿ ನಮ್ಮ ಕಣ್ಣು ಮೊದಲು ಮುಷ್ಟಿಗಳತ್ತ ಹರಿಯುತ್ತದೆ; ಕೈ ಇಳಿಬಿಟ್ಟು ನೆಟ್ಟಗೆ ನಿಂತ ನಾರ್ಮನ್ ಯಾವ ಸಂಬಂಧವೂ ಇಲ್ಲದವರಂತೆ ಕಾಣುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಅವರ ಎದೆಯ ಮೇಲೂ ಆ ಗೆಳೆಯರು ಧರಿಸಿದ್ದ ಮಾನವ ಹಕ್ಕುಗಳ ಬಿಲ್ಲೆಯಿದೆ. ಕಾರ್ಲೋಸ್ ಕೈಗವಸು ಮರೆತು ಬಂದಾಗ, ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿರೆಂದು ಸೂಚಿಸಿದವರೂ ಅವರೇ.

ಹಾಗಾದರೆ ಶಿಲ್ಪದಲ್ಲಿ ಅವರೇಕಿಲ್ಲ? ಇದು ಎರಡನೆಯ ಬಾರಿಯ ಕಡೆಗಣನೆಯಲ್ಲವೇ ಎಂದು ಮೊದಲ ನೋಟಕ್ಕೆ ಅನ್ನಿಸುವುದು ಸಹಜ. ಆದರೆ ಆ ಸ್ಥಾನವನ್ನು ಬರಿದಾಗಿಡುವುದು ನಾರ್ಮನ್ ಅವರದೇ ಇಚ್ಛೆಯಾಗಿತ್ತು: ನೋಡಲು ಬಂದವರು ಅಲ್ಲಿ ಹತ್ತಿ ನಿಲ್ಲಲಿ ಎಂಬುದು ಅವರ ಆಶಯ. ಈ ಹಿನ್ನೆಲೆ ತಿಳಿಯದವರಿಗೆ ಅವರ ತ್ಯಾಗವೇ ಮರೆಯಾಗುವ ಅಪಾಯವುಂಟು. ಅದು ಈ ಕೃತಿಯ ಮಿತಿ. 2019ರಲ್ಲಿ ಮೆಲ್ಬರ್ನ್‌ನಲ್ಲಿ ಸ್ಥಾಪಿತವಾದ ಅವರ ಕಂಚಿನ ಪ್ರತಿಮೆ ಈ ಕೊರತೆಯನ್ನು ತುಂಬುತ್ತದೆ. ಆದರೂ ಪ್ರತಿಮೆಯ ಮುಂದೆ ನಾವು ಕೈಮುಗಿದು ಮುಂದೆ ಸಾಗಬಹುದು. ಬರಿದಾದ ಸ್ಥಾನ ನಮ್ಮನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಅಲ್ಲಿ ನಿಲ್ಲುವುದಕ್ಕೆ ಬೆಲೆಯೂ ಇದೆ. 1972ರ ಒಲಿಂಪಿಕ್ಸ್‌ಗೆ ನಾರ್ಮನ್ ಆಯ್ಕೆಯಾಗಲಿಲ್ಲ. ಅದು ಶಿಕ್ಷೆಯೆಂಬ ಮಾತನ್ನು ಅಲ್ಲಿನ ಒಲಿಂಪಿಕ್ ಸಮಿತಿ ಒಪ್ಪದಿದ್ದರೂ, 2012ರಲ್ಲಿ ಆಸ್ಟ್ರೇಲಿಯದ ಸಂಸತ್ತಿನಲ್ಲಿ ಅವರ ಕ್ಷಮೆ ಕೋರಲಾಯಿತು. ಅದನ್ನು ಕೇಳಲು ಅವರಿರಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು.

ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯನ್ನು ಧ್ಯಾನಿಸುವಾಗ ನಾವು ಸಿರೇನ್ಯದ ಸಿಮೋನನನ್ನು ನೆನೆಯುತ್ತೇವೆ. ಪರರ ಶಿಲುಬೆಗೆ ಹೆಗಲು ಕೊಡುವಂತೆ ಅವನನ್ನು ಸೈನಿಕರು ಬಲವಂತಪಡಿಸಿದರು. ನಾರ್ಮನ್ ಅವರನ್ನು ಯಾರೂ ಬಲವಂತಪಡಿಸಲಿಲ್ಲ. ನಮ್ಮ ದೇಶ ಗೆದ್ದಾಗ ಮಕ್ಕಳೊಡನೆ ಕುಳಿತು ಹಿಗ್ಗುವುದು ತಪ್ಪಲ್ಲ. ಆದರೆ ಅದೇ ಧ್ವಜದ ಕೆಳಗೆ ಯಾರೋ ನೋವಿನಿಂದ ತಲೆ ತಗ್ಗಿಸಿ ನಿಂತಾಗ ಅವರನ್ನು ದೇಶದ್ರೋಹಿಗಳೆಂದು ಜರೆಯುವ ಮುನ್ನ, ಅವರ ಪಕ್ಕದ ಸ್ಥಾನ ಇನ್ನೂ ಬರಿದಾಗಿದೆ ಎಂಬುದನ್ನು ನೆನೆಯೋಣ.