ಆದೋನಿಯ ತೋಪು, ಎಳೆದ ಎತ್ತು

ಆದೋನಿ ಕೋಟೆಯ ಚರಿತ್ರೆಯಲ್ಲಿ ಅರ್ಧ ಪಾಲು ಫಿರಂಗಿಗಳದ್ದು. ವಿಜಯನಗರದ ಈ ಗಟ್ಟಿ ನೆಲೆ 1568ರಲ್ಲಿ ಬಿಜಾಪುರದ ಪಾಲಾಯಿತು. 1680ರ ದಶಕದ ಕೊನೆಗೆ ಔರಂಗಜೇಬನ ಸೇನೆ ಮುತ್ತಿದಾಗ ಇಲ್ಲಿ ಕೋಟೆಯ ಅಧಿಪತಿಯಾಗಿದ್ದವನು ಸಿದ್ದಿ ಮಸೂದ್ ಖಾನ್. ಬೆಟ್ಟದ ಕೋಟೆ ಸುಲಭಕ್ಕೆ ಬಗ್ಗಲಿಲ್ಲ. ಆಗ ಮೊಗಲರ ಗೋಲಂದಾಜರು, ಅವನು ಅಕ್ಕರೆಯಿಂದ ಕಟ್ಟಿಸಿದ್ದ ಜಾಮಿಯಾ ಮಸೀದಿಯತ್ತ ತೋಪುಗಳ ಬಾಯಿ ತಿರುಗಿಸಿದರಂತೆ. ಅದು ಉಳಿಯಲೆಂದೇ ಅವನು ಕೋಟೆ ಬಿಟ್ಟುಕೊಟ್ಟನೆಂದು ಪ್ರತೀತಿ. ಮಸೀದಿ ಇಂದಿಗೂ ನಿಂತಿದೆ.

1786ರಲ್ಲಿ ಟಿಪ್ಪು ಸುಲ್ತಾನನ ಸರದಿ. ಸುಮಾರು ಒಂದು ತಿಂಗಳ ಮುತ್ತಿಗೆಯ ನಂತರ ಗೆದ್ದು, ಕೋಟೆಗೋಡೆ ಕೆಡವಿಸಿ, ಅಲ್ಲಿದ್ದ ತೋಪುಗಳನ್ನು ಗುತ್ತಿ ಕೋಟೆಗೆ ಸಾಗಿಸಿದ.

ಸಾಗಿಸುವುದೇನು ಸಾಮಾನ್ಯವೇ? ಇದು ಎರೆನೆಲ, ಮಳೆ ಬಿದ್ದರೆ ಗಾಲಿ ಹೂತುಹೋಗುತ್ತದೆ. ಹೈದರ್, ಟಿಪ್ಪು ಇಬ್ಬರ ದಂಡಿನಲ್ಲೂ ತೋಪಿನ ಬಂಡಿಗೆ ಹೆಗಲು ಕೊಟ್ಟದ್ದು ಮೈಸೂರು ಸೀಮೆಯ ಎತ್ತುಗಳು. ಇಂದು ಅಮೃತಮಹಲ್ ಎಂದು ಹೆಸರಾದ ತಳಿ ಅದೇ. ಗುರಿಯಿಟ್ಟ ಗೋಲಂದಾಜನಿಗೆ ಸಲ್ಲುವಷ್ಟೇ ಗೌರವ ಆ ಎತ್ತುಗಳಿಗೂ, ಕೆಸರಲ್ಲಿ ಅವುಗಳ ಜೊತೆ ನಡೆದವರಿಗೂ ಸಲ್ಲಬೇಕು.

1800ರಲ್ಲಿ ಆದೋನಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಬ್ರಿಟಿಷರೂ ತಮ್ಮ ಫಿರಂಗಿಗಳಿಗೆ ಹೂಡಿದ್ದು ಇದೇ ತಳಿಯ ಎತ್ತುಗಳನ್ನು.