ಮನೋರೋಗ ಚಿಕಿತ್ಸೆ ಮತ್ತು ದೇಶಾಚಾರ: ಒಂದು ವಿಮರ್ಶೆ

ದೇಹಕ್ಕೆ ತಗುಲಿದ ವ್ಯಾಧಿಯನ್ನು ಮನುಷ್ಯನು ನಾಲ್ವರ ಮುಂದೆ ಹೇಳಿಕೊಳ್ಳುತ್ತಾನೆ. ಮನಸ್ಸಿಗೆ ತಗುಲಿದ ವ್ಯಾಧಿಯನ್ನು ಒಳಕೋಣೆಯಲ್ಲಿ ಮುಚ್ಚಿಡುತ್ತಾನೆ. ಲಜ್ಜೆಯು ಇದಕ್ಕೆ ಒಂದು ಕಾರಣ. ಎರಡನೆಯ ಕಾರಣವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪರಾಧೀನವಾಗಿದ್ದ ದೇಶಗಳಲ್ಲಿ ಆಧುನಿಕ ಮನೋವೈದ್ಯವು ಆಳುವವರ ಕಾನೂನು, ಕಟ್ಟಡ ಮತ್ತು ಭಾಷೆಗಳ ಜೊತೆಗೇ ಬಂದಿತು. ಭಾರತದಲ್ಲಿ 1912ರ ಲ್ಯೂನಸಿ ಕಾಯಿದೆಯು ಸ್ವಾತಂತ್ರ್ಯಾನಂತರವೂ ನಾಲ್ಕು ದಶಕಗಳನ್ನು ಮೀರಿ ಬಾಳಿ, 1987ರ ಮಾನಸಿಕ ಆರೋಗ್ಯ ಕಾಯಿದೆಯು 1993ರಲ್ಲಿ ಜಾರಿಗೆ ಬಂದಾಗಲಷ್ಟೇ ತೆರವಾಯಿತು. ಚಿಕಿತ್ಸೆಯು ದೇಶಾಚಾರಕ್ಕೆ ಹೊಂದಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಹೊಂದಿಸುವುದೆಂದರೇನು, ಅದರ ಮೇರೆ ಎಲ್ಲಿ ಎಂಬುದನ್ನು ಪರಿಶೀಲಿಸುವುದು ಉಚಿತ.

ಈ ವಿಷಯದಲ್ಲಿ ಮೊದಲು ನೆನೆಯಬೇಕಾದುದು 1954ರಲ್ಲಿ ಫ್ರಾಂಟ್ಸ್ ಫ್ಯಾನನ್ ಮತ್ತು ಜಾಕ್ ಅಜುಲೆ ಕೂಡಿ ಬರೆದ ಒಂದು ಲೇಖನ. ಮಾರ್ಟಿನಿಕ್ ದ್ವೀಪದಲ್ಲಿ 1925ರಲ್ಲಿ ಹುಟ್ಟಿದ ಫ್ಯಾನನ್ 1953ರಲ್ಲಿ ಫ್ರೆಂಚರ ಅಧೀನದಲ್ಲಿದ್ದ ಅಲ್ಜೀರಿಯದ ಬ್ಲಿದಾ ಆಸ್ಪತ್ರೆಗೆ ವೈದ್ಯನಾಗಿ ಬಂದನು. ಅವನ ವಿಭಾಗದಲ್ಲಿ 165 ಮಂದಿ ಯುರೋಪಿಯನ್ ಸ್ತ್ರೀಯರೂ 220 ಮಂದಿ ಮುಸ್ಲಿಂ ಪುರುಷರೂ ಇದ್ದರು. ರೋಗಿಗಳನ್ನು ಕೂಡಿಹಾಕದೆ ಸಭೆ, ಹಬ್ಬ, ಪತ್ರಿಕೆ, ಕೈಕೆಲಸಗಳಲ್ಲಿ ತೊಡಗಿಸುವ ಕ್ರಮವನ್ನು ಅವನು ಎರಡೂ ಕಡೆ ಆರಂಭಿಸಿದನು. ಸ್ತ್ರೀಯರ ಕಡೆ ಅದು ಫಲಿಸಿತು. ಪುರುಷರ ಕಡೆ ಸಂಪೂರ್ಣವಾಗಿ ಸೋತಿತು. ಸಭೆಯಲ್ಲಿ ಅವರು ಮೌನವಾಗಿದ್ದರು. ಪತ್ರಿಕೆಯನ್ನು ಓದಬಲ್ಲವರು ವಿರಳ. ಹೆಣಿಗೆಯ ಕೆಲಸ ಅವರ ಕಣ್ಣಿಗೆ ಹೆಂಗಸರ ಕೆಲಸ.

ರೋಗಿಗಳೇ ಹಿಂದುಳಿದವರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆಂತ್ವಾನ್ ಪೊರೋ ಎಂಬವನ ನೇತೃತ್ವದ ಅಲ್ಜಿಯರ್ಸ್ ಪಂಥವು ಅದನ್ನೇ ಶಾಸ್ತ್ರವೆಂದು ಬೋಧಿಸುತ್ತಿತ್ತು. ಫ್ಯಾನನ್ ಹಾಗೆ ಮಾಡಲಿಲ್ಲ. ದೋಷವನ್ನು ಚಿಕಿತ್ಸಕನ ಖಾತೆಗೇ ಬರೆದುಕೊಂಡನು. ಬಳಿಕ ಆಸ್ಪತ್ರೆಯೊಳಗೆ ದೇಶೀಯ ರೀತಿಯ ಕಾಫಿಖಾನೆ ತೆರೆಯಿತು. ಪ್ರಾರ್ಥನೆಗೆ ಮುಫ್ತಿ ಬಂದನು. ಕಥೆ ಹೇಳುವವನು ಬಂದನು. ರೋಗಿಗಳ ಹಬ್ಬಗಳು ಆಚರಣೆಗೆ ಬಂದವು. ಈ ಲೇಖನದ ನೈತಿಕ ಮಹತ್ವವಿರುವುದು ದೋಷವನ್ನು ಒಪ್ಪಿಕೊಂಡ ಈ ಪ್ರಾಮಾಣಿಕತೆಯಲ್ಲಿ.

ಆದರೆ ಅದರ ಮಿತಿಯನ್ನೂ ಹೇಳಬೇಕು. ಫ್ಯಾನನನಿಗೆ ರೋಗಿಗಳ ಭಾಷೆ ಬರುತ್ತಿರಲಿಲ್ಲ. ಅವನು ದುಭಾಷಿಗಳ ಮೂಲಕ ಮಾತನಾಡಬೇಕಾಗಿತ್ತು. ಕಾಫಿಖಾನೆ ದೇಶೀಯವಾದರೂ ರೋಗವೇನೆಂದು ನಿರ್ಣಯಿಸುವ ಮಾತು ಪರಭಾಷೆಯದಾಗಿಯೇ ಉಳಿಯಿತು. ಆಸ್ಪತ್ರೆಯ ಹೊರಗಿನ ಅನ್ಯಾಯವನ್ನು ಒಳಗಿನ ಹಬ್ಬವು ಗುಣಪಡಿಸಲಾರದೆಂಬುದು ಅವನಿಗೂ ತಿಳಿಯದೆ ಇರಲಿಲ್ಲ. 1956ರಲ್ಲಿ ಅವನು ಹುದ್ದೆಗೆ ರಾಜೀನಾಮೆ ನೀಡಿದನು.

ಅದೇ 1954ರಲ್ಲಿ, ಬ್ರಿಟಿಷರ ಆಡಳಿತದಲ್ಲಿದ್ದ ನೈಜೀರಿಯದ ಅಬೆಯೊಕುಟದಲ್ಲಿ ಥಾಮಸ್ ಲ್ಯಾಂಬೊ ಎಂಬ ವೈದ್ಯರು ಬೇರೊಂದು ದಾರಿ ಹಿಡಿದರು. ಅವರು ಅದೇ ಊರಿನವರು. ಆರೊ ಆಸ್ಪತ್ರೆಯ ಸುತ್ತಣ ಹಳ್ಳಿಗಳ ಮನೆಗಳಲ್ಲಿ ರೋಗಿಗಳು ಒಬ್ಬ ಬಂಧುವಿನೊಡನೆ ವಾಸಿಸಿದರು. ಹಗಲಿನಲ್ಲಿ ಆಸ್ಪತ್ರೆಗೆ ಹೋಗಿ ಆಧುನಿಕ ಚಿಕಿತ್ಸೆ ಪಡೆದರು. ನಾಟಿ ವೈದ್ಯರ ಸಹಕಾರವನ್ನೂ ಲ್ಯಾಂಬೊ ಪಡೆದರು. ಹಳ್ಳಿಗರಿಗೆ ಬಾಡಿಗೆ ಸಂದಿತು. ಊರಿಗೆ ನೀರು ಮತ್ತು ನೈರ್ಮಲ್ಯದ ವ್ಯವಸ್ಥೆ ದೊರೆಯಿತು. ಲೆಕ್ಕ ಬಲ್ಲವರು ಈ ಅಂಶವನ್ನು ಗಮನಿಸಬೇಕು. ಕರುಣೆಯನ್ನು ಮಾತ್ರ ನಂಬಿದ ವ್ಯವಸ್ಥೆ ಬೇಗ ಬಳಲುತ್ತದೆ. ಉಭಯರಿಗೂ ನ್ಯಾಯವಾದುದು ದೀರ್ಘಕಾಲ ನಿಲ್ಲುತ್ತದೆ.

ಮೂರನೆಯ ಉದಾಹರಣೆ ಜಿಂಬಾಬ್ವೆಯದು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಆ ದೇಶದಲ್ಲಿ ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯ 14 ಮಂದಿ ಅಜ್ಜಿಯರಿಗೆ ತರಬೇತಿ ನೀಡಿದರು. ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕುಳಿತು ದುಃಖಿತರ ಮಾತು ಕೇಳುವುದು ಅವರ ಕೆಲಸ. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಾಗ ಜನ ಹತ್ತಿರ ಬರಲಿಲ್ಲ. ಸ್ನೇಹದ ಬೆಂಚು ಎಂದಾಗ ಬಂದರು. ಅಲ್ಲಿನ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರವಾದ ಮಾತು ‘ಕುಫುಂಗಿಸಿಸಾ’. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ಕನ್ನಡಿಗರು ‘ಚಿಂತೆ ಹಚ್ಚಿಕೊಂಡಿದ್ದಾನೆ’ ಎನ್ನುವುದಿಲ್ಲವೆ, ಹಾಗೆ. 573 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ನಂತರವೂ ರೋಗಲಕ್ಷಣ ಉಳಿದವರು ಬೆಂಚಿಗೆ ಬಂದವರಲ್ಲಿ ಶೇಕಡಾ 14ರಷ್ಟು. ವಾಡಿಕೆಯ ಆರೈಕೆ ಪಡೆದವರಲ್ಲಿ ಶೇಕಡಾ 50ರಷ್ಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಜ್ಜಿಯರು ಕಲಿತ ಕ್ರಮ, ಎಂದರೆ ಸಮಸ್ಯೆಗಳನ್ನು ಪಟ್ಟಿಮಾಡಿ ಒಂದೊಂದಾಗಿ ಬಿಡಿಸುವ ವಿಧಾನ, ಪಾಶ್ಚಾತ್ಯ ಮೂಲದ್ದು. ಕುಳಿತ ಜಾಗ, ಆಡಿದ ಮಾತು, ಎದುರಿನ ಮುಖ ದೇಶೀಯವಾದವು. ಆದುದರಿಂದ ವಿದೇಶದ್ದೆಂಬ ಮಾತ್ರಕ್ಕೆ ಜ್ಞಾನವು ತ್ಯಾಜ್ಯವಲ್ಲ. ಹಾಗೆಯೇ ಉಲ್ಬಣಾವಸ್ಥೆಯ ರೋಗಿಯನ್ನು ಅಜ್ಜಿಯರು ತಮ್ಮಲ್ಲೇ ಇಟ್ಟುಕೊಳ್ಳುವುದಿಲ್ಲ. ಮೇಲಿನ ಚಿಕಿತ್ಸೆಗೆ ಕಳುಹಿಸುತ್ತಾರೆ. ಅಜ್ಜಿಯರು ಸಿಕ್ಕರೆಂದು ವೈದ್ಯರನ್ನು ನೇಮಿಸದೆ ಉಳಿತಾಯ ತೋರಿಸುವ ಸರ್ಕಾರವು ಈ ಪ್ರಯೋಗವನ್ನು ತಪ್ಪಾಗಿ ಓದಿದಂತೆ.

ದೇಶೀಯವಾದುದೆಲ್ಲವೂ ಹಿತವಲ್ಲವೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಪ್ರಸಿದ್ಧ ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾರದೆ ಹೋದರು. ಸತ್ತವರು 28 ಮಂದಿ. ಬಂಧುಗಳು ಅವರನ್ನು ಅಲ್ಲಿಗೆ ಕರೆತಂದುದು ಭಕ್ತಿಯಿಂದ, ಗುಣವಾಗುವ ಆಸೆಯಿಂದ. ಆದರೆ ಭಕ್ತಿಯ ನೆರಳಿನಲ್ಲಿ ಬಂಧನವೂ ಬೆಳೆದಿತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯನ್ನು ಯಾವ ರೂಪದಲ್ಲಿಯೂ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

ಹಾಗಾದರೆ ಶ್ರದ್ಧಾಕೇಂದ್ರಗಳು ಈ ವಿಷಯದಿಂದ ದೂರ ಸರಿಯಬೇಕೆ? ಕರ್ನಾಟಕದ ಕರಾವಳಿಯ ಕೋಟ ಗ್ರಾಮವನ್ನು ಅಭ್ಯಸಿಸಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ 1976ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಜನ ವೈದ್ಯ, ಮಂತ್ರವಾದಿ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧ ಕಾಣಲಿಲ್ಲ. ಜನರು ಎರಡೂ ಬಾಗಿಲುಗಳನ್ನು ತಟ್ಟುವವರೆಂದ ಮೇಲೆ ಒಂದು ಬಾಗಿಲು ಇನ್ನೊಂದನ್ನು ಮುಚ್ಚದಿರುವುದೇ ಧರ್ಮ.

ಯಾವುದೇ ಪ್ರಯೋಗವನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬಹುದು. ನೊಂದವನು ತನ್ನ ಮಾತಿನಲ್ಲಿಯೇ ನೋವನ್ನು ಹೇಳಿಕೊಳ್ಳಬಲ್ಲನೆ? ಅವನ ಪಕ್ಕದಲ್ಲಿ ತನ್ನವರೆನಿಸುವವರು ಯಾರಾದರೂ ಇದ್ದಾರೆಯೆ? ಅಲ್ಲಿಂದ ಎದ್ದುಹೋಗಲು, ಬೇರೆ ಚಿಕಿತ್ಸೆ ಪಡೆಯಲು ಅವನು ಸ್ವತಂತ್ರನೆ? ಬ್ಲಿದಾದ ಪ್ರಯೋಗ ಮೊದಲನೆಯದರಲ್ಲಿ ಕುಂದಿತು. ಏರ್ವಾಡಿಯ ಆಶ್ರಯತಾಣ ಮೂರನೆಯದರಲ್ಲಿ ಘೋರವಾಗಿ ಸೋತಿತು. ಬಸದಿಯ ಧರ್ಮಶಾಲೆಯಲ್ಲಿ ಒಂದು ಕೋಣೆ, ವಾರಕ್ಕೊಮ್ಮೆ ಬರುವ ವೈದ್ಯ, ತರಬೇತಿ ಪಡೆದ ಇಬ್ಬರು ಹಿರಿಯ ಸ್ತ್ರೀಯರು: ಇಷ್ಟನ್ನು ಒದಗಿಸುವುದು ಸಾಮಾನ್ಯ ಟ್ರಸ್ಟಿನ ಶಕ್ತಿಗೂ ಮೀರಿದ್ದಲ್ಲ. ಔಷಧದಾನವನ್ನು ಶ್ರೇಷ್ಠ ದಾನಗಳಲ್ಲಿ ಎಣಿಸುವ ಸಮಾಜವು ಮನಸ್ಸಿನ ವ್ಯಾಧಿಯನ್ನು ಆ ಎಣಿಕೆಯಿಂದ ಹೊರಗಿಡುವುದಕ್ಕೆ ಕಾರಣವಿಲ್ಲ.